ಅಪ್‌ಡೇಟ್: ಆ ಮಣ್ಣಿನ ಗೆರೆ ಗೆದ್ದಲಿಂದೇ

ಹೋದ ತಿಂಗಳು ಕೇಳಿದ್ದೆ ಅಲ್ವಾ, ರಾಯಚೂರಿನ ನಮ್ಮ ಹಳೇ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಬಂದಿದೆ, ಏನಿದು ಅಂತ. ಗೆದ್ದಲೇ! ನೀವು ಹೇಳಿದ ಹಾಗೆ ಗೆರೆಯನ್ನು ಎರಡು ಬೆರಳಷ್ಟು ಒಡೆದು ಬಿಟ್ಟಿದ್ದೆ, ಮೂರನೇ ದಿನ ನೋಡಿದರೆ ಹಸಿ ಮಣ್ಣು ಮೆತ್ತಿ ಮತ್ತೆ ಮುಚ್ಚಿದ್ದವು. ಚೌಕಟ್ಟು ಬಡಿದರೆ ಟೊಳ್ಳು ಸದ್ದು. ಮೇಲೆ ಬಣ್ಣ ಹೊಸದರ ಹಾಗೇ ಇದೆ, ಹೆಬ್ಬೆರಳು ಒತ್ತಿದರೆ ಹಪ್ಪಳದಂತೆ ಒಳಗೆ ಹೋಯಿತು. ಮೊದಲ ಮಳೆ ಬಿದ್ದ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ರಾಶಿ ರೆಕ್ಕೆ ಉದುರಿದ್ದವು, ಅವ್ವ ಮಳೆಹುಳ ಅಂತ ಗುಡಿಸಿ ಹಾಕಿದ್ದಳು, ಅವು ರೆಕ್ಕೆ ಬಂದ ಗೆದ್ದಲಿನವೇ, ಆಗಲೇ ಗೊತ್ತಾಗಬೇಕಿತ್ತು. ಈಗ ಗೋಡೆ ನೆಲ ಸೇರುವ ಕಡೆ ಅಡಿಗೊಂದು ತೂತು ಕೊರೆದು ಔಷಧ ತುಂಬಿಸಿದ್ದೇವೆ. ತೇವ ಇದ್ದ ಕಡೆ ಗೆದ್ದಲು ಬರುತ್ತವೆ ಅಂತ, ಸೋರುತ್ತಿದ್ದ ಪಕ್ಕದ ಬಚ್ಚಲ ಪೈಪೂ ರಿಪೇರಿ ಆಯ್ತು. ಚೌಕಟ್ಟು ಮಾತ್ರ ಹೋಯಿತು, ಈ ಸಲ ಕಬ್ಬಿಣದ್ದು ಹಾಕಿಸುತ್ತೇನೆ.