ಬೋಟ್ ಇಳಿಸದೆ ಟ್ರೇಲರ್ ಬೇರಿಂಗ್ ಬದಲಿಸಬಹುದಾ?

ಪ್ರಶ್ನೆ: ನನ್ನದು ಒಂದೇ ಆಕ್ಸಲ್ ಇರುವ ಟ್ರೇಲರ್. ಹೋದ ವಾರ ಬೋಟ್ ತರುವಾಗ ಎಡಗಡೆ ಚಕ್ರದಿಂದ ಗುರ್ರ್ ಅಂತ ಸದ್ದು. ನಿಲ್ಲಿಸಿ ನೋಡಿದರೆ ಹಬ್ (ಚಕ್ರದ ನಡುವಿನ, ಬೇರಿಂಗ್ ಕೂರುವ ಭಾಗ) ಮೇಲೆ ಕೈ ಇಡೋಕೆ ಆಗಲಿಲ್ಲ, ಅಷ್ಟು ಸುಡುತ್ತಿತ್ತು. ಬಲಗಡೆಯದು ಬರೀ ಬೆಚ್ಚಗಿತ್ತು. ಬೋಟ್ ಇಳಿಸಲು ಜಾಗವಿಲ್ಲ, ಮೇಲಿದ್ದ ಹಾಗೇ ಬೇರಿಂಗ್ ಬದಲಿಸಬಹುದಾ? ಇನ್ನೊಂದು, ಸ್ನೇಹಿತರೊಬ್ಬರು "ರೋಲರ್ ಮಾತ್ರ ಹಾಕು, ಹಬ್ ಒಳಗಿನ ಕಪ್ ಚೆನ್ನಾಗೇ ಇದೆ" ಅನ್ನುತ್ತಾರೆ. ಕಪ್ ಅಂದರೆ ರೋಲರ್‌ಗಳು ಉರುಳುವ ಹೊರಗಿನ ಉಕ್ಕಿನ ಬಳೆ. ಸರಿನಾ?

ಉತ್ತರ: ಬದಲಿಸಬಹುದು. ನನ್ನ ಹತ್ತಿರ ಬರುವ ಟ್ರೇಲರ್‌ಗಳು ಹೆಚ್ಚಾಗಿ ಬೋಟ್ ಹೊತ್ತುಕೊಂಡೇ ಬರುತ್ತವೆ. ಮೊದಲು ಬೋಟ್‌ನ ಡ್ರೇನ್ ಪ್ಲಗ್ ತೆಗೆದು ಒಳಗಿನ ನೀರು ಬಿಡಿ, ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಸುಮ್ನೆ ಯಾಕೆ ಎತ್ತುತ್ತೀರಿ? ಟ್ರೇಲರನ್ನು ಗಾಡಿಗೆ ಸಿಕ್ಕಿಸಿಯೇ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಎತ್ತದ ಬದಿಯ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಲ್ಲೋ ಮರದ ತುಂಡೋ ಅಡ್ಡ ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ. ಜ್ಯಾಕ್ ಆಕ್ಸಲ್‌ನ ನಡುವೆ ಬೇಡವೇ ಬೇಡ, ಅದು ಬಾಗಿದರೆ ಆಮೇಲೆ ಟಯರ್ ಒಂದೇ ಬದಿ ಸವೆಯುತ್ತದೆ. ಫ್ರೇಮ್‌ಗೆ ಕೊಡಿ, ಆಕ್ಸಲ್ ಪಕ್ಕದಲ್ಲಿ. ಚಕ್ರ ನೆಲ ಬಿಟ್ಟರೆ ಸಾಕು. ಜ್ಯಾಕ್ ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ, ಬೋಟ್‌ನಲ್ಲಿ ಯಾರನ್ನೂ ಕೂರಿಸಬೇಡಿ. ಒಂದು ಸಲಕ್ಕೆ ಒಂದೇ ಬದಿ.

ಕಪ್ ವಿಷಯದಲ್ಲಿ ನಿಮ್ಮ ಸ್ನೇಹಿತರ ಮಾತು ಕೇಳಬೇಡಿ. ರೋಲರ್ ಮತ್ತು ಕಪ್ ಜೊತೆಯಲ್ಲೇ ಸವೆದಿರುತ್ತವೆ. ಹಳೇ ಕಪ್ಪನ್ನು ಒರೆಸಿ ಉಗುರಿನಿಂದ ಒಮ್ಮೆ ಗೀರಿ ನೋಡಿ, ಸಣ್ಣ ಸಣ್ಣ ಗುಂಡಿ ತಗಲುತ್ತವೆ. ಅದರ ಮೇಲೆ ಹೊಸ ರೋಲರ್ ಓಡಿಸಿದರೆ ಅದೂ ಬೇಗ ಹೋಗುತ್ತದೆ. ಕಪ್ಪನ್ನು ಹಿಂದಿನಿಂದ ಹಿತ್ತಾಳೆ ಸಲಾಕೆಯಲ್ಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಟ್ಟಿ ಹೊರಗೆ ತೆಗೆಯಿರಿ. ಹೊಸದನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಚೂರು ಕುಗ್ಗಿ ಸಲೀಸಾಗಿ ಕೂರುತ್ತದೆ. ತಟ್ಟುವಾಗ ಕಿವಿ ಕೊಡಿ: ಟಪ್ ಟಪ್ ಅನ್ನುತ್ತಿದ್ದದ್ದು ತಳ ಮುಟ್ಟಿದಾಗ ಠಣ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ.

ಬೇರಿಂಗ್ ಕೊಳ್ಳುವಾಗ ಹಳೆಯದರ ಮೇಲಿನ ನಂಬರ್ ಓದಿಕೊಂಡು ಹೋಗಿ. ಒಂದು ಹಬ್‌ನಲ್ಲಿ ಎರಡು ಬೇರಿಂಗ್ ಇರುತ್ತವೆ, ಒಳಗಿನದು ಹೊರಗಿನದು ಒಂದೇ ಅಳತೆ ಅಂದುಕೊಳ್ಳಬೇಡಿ. 3,500 ಪೌಂಡ್ ಆಕ್ಸಲ್‌ಗಳಲ್ಲಿ ಹೆಚ್ಚಾಗಿ ಒಳಗೆ ಎಲ್68149, ಹೊರಗೆ ಎಲ್44649 ಇರುತ್ತದೆ, ಆದರೂ ನಿಮ್ಮದನ್ನೇ ನೋಡಿ. ಗ್ರೀಸ್ ಮೇಲೆ ಮೇಲೆ ಸವರಿದರೆ ಆಗಲಿಲ್ಲ. ಅಂಗೈಯಲ್ಲಿ ಒಂದು ಮುದ್ದೆ ಇಟ್ಟುಕೊಂಡು ಬೇರಿಂಗ್‌ನ ಅಗಲ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ, ರೋಲರ್‌ಗಳ ಸಂದಿಯಿಂದ ಮೇಲುಗಡೆ ಶಾವಿಗೆ ಹಾಗೆ ಹೊರಗೆ ಬರುವವರೆಗೆ. ನೀರಿಗೆ ಸುಲಭವಾಗಿ ತೊಳೆದುಹೋಗದ ಮರೈನ್ ಗ್ರೀಸೇ ಆಗಬೇಕು. ಹಳೇ ಗ್ರೀಸ್ ಪೂರ್ತಿ ತೊಳೆಯಿರಿ, ಎರಡು ಜಾತಿ ಬೆರೆತರೆ ಕೆಲವೊಮ್ಮೆ ನೀರಾಗಿ ಇಳಿದುಹೋಗುತ್ತದೆ.

ಪ್ರಶ್ನೆ: ಹಬ್ಬನ್ನು ಹಿಡಿದಿಡುವ ನಡುವಿನ ನಟ್ ಎಷ್ಟು ಬಿಗಿ ಮಾಡಲಿ? ಹೋದ ವರ್ಷವಷ್ಟೇ ಹೊಸ ಬೇರಿಂಗ್ ಹಾಕಿಸಿದ್ದೆ, ಇಷ್ಟು ಬೇಗ ಹೋಯಿತಲ್ಲ.

ಉತ್ತರ: ಜಾಸ್ತಿ ಬಿಗಿ ಮಾಡಿಯೇ ಬೇರಿಂಗ್ ಸುಡುವವರು ಇದ್ದಾರೆ. ಹಬ್ ತಿರುಗಿಸುತ್ತಾ ನಟ್ಟನ್ನು ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ, ಎಲ್ಲ ಕೂತ ಮೇಲೆ ಪೂರ್ತಿ ಸಡಿಲಿಸಿ, ಆಮೇಲೆ ಬರೀ ಬೆರಳಲ್ಲಿ ತಿರುಗಿಸಿ. ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್‌ನ ತೂತು ಸೇರದಿದ್ದರೆ ನಟ್ಟನ್ನು ಬಿಗಿಯತ್ತ ಅಲ್ಲ, ಸಡಿಲದತ್ತ ಸರಿಸಿ. ಹಳೇ ಪಿನ್ ಮತ್ತೆ ಹಾಕಬೇಡಿ.

ಬೇಗ ಹೋದದ್ದು ನೀರಿನಿಂದ ಇರಬಹುದು. ಓಡಿ ಬಿಸಿಯಾದ ಹಬ್ಬನ್ನು ನೇರ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಹಬ್‌ನ ಹಿಂಬದಿಯ ಆಯಿಲ್ ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಬಿಚ್ಚಿದಾಗ ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಇದೇ ಕಾರಣ. ಹಬ್ ಆರಿದ ಮೇಲೆ ನೀರಿಗಿಳಿಸಿ. ಆಯಿಲ್ ಸೀಲ್ ಹೊಸದು ಹಾಕಿದರಷ್ಟೇ ಸಾಲದು, ಅದು ಉಜ್ಜುವ ಜಾಗದಲ್ಲಿ ಸ್ಪಿಂಡಲ್ (ಹಬ್ ಕೂರುವ ಆಕ್ಸಲ್ ತುದಿ) ಮೇಲೆ ತುಕ್ಕೋ ಗೆರೆಯೋ ಇದೆಯಾ ನೋಡಿ. ಇದ್ದರೆ ಸಣ್ಣ ಎಮರಿ ಪೇಪರ್‌ನಲ್ಲಿ ನುಣುಪು ಮಾಡಿ, ಆಳವಾಗಿದ್ದರೆ ರಿಪೇರಿ ಸ್ಲೀವ್ ಹಾಕಿ. ಸ್ಪಿಂಡಲ್ ನೀಲಿಗಟ್ಟಿದ್ದರೆ ಮಾತ್ರ ಬೇರಿಂಗ್ ಹಾಕುವ ಮೊದಲು ಯಾರಿಗಾದರೂ ತೋರಿಸಿ, ಕಬ್ಬಿಣ ಅತಿ ಬಿಸಿಯಾಗಿದೆ ಅಂತ ಅರ್ಥ.

ಪ್ರಶ್ನೆ: ಹಬ್‌ಗೆ ಗ್ರೀಸ್ ತುಂಬುವ ಸ್ಪ್ರಿಂಗ್ ಮುಚ್ಚಳ ಇದೆ. ಪ್ರತಿ ಸಲ ಗನ್ನಿಂದ ಚೆನ್ನಾಗಿ ಹೊಡೆಯುತ್ತೇನೆ. ಅದು ಒಳ್ಳೆಯದೇ ಅಲ್ವಾ?

ಉತ್ತರ: ಚೆನ್ನಾಗಿ ಹೊಡೆದೇ ಹಿಂದಿನ ಸೀಲ್ ಹೊರಗೆ ತಳ್ಳಿರುತ್ತೀರಿ! ಸ್ಪ್ರಿಂಗ್ ಸ್ವಲ್ಪ ಹೊರಗೆ ಬಂದರೆ ಸಾಕು. ಚಕ್ರದ ಒಳಬದಿಯಲ್ಲಿ ಗ್ರೀಸ್ ಚಿಮ್ಮಿದ ಗುರುತಿದೆಯಾ, ಈಗಲೇ ಬಗ್ಗಿ ನೋಡಿ. ಕೆಲಸ ಮುಗಿದ ಮೇಲೆ 10-15 ಕಿ.ಮೀ. ಓಡಿಸಿ ಎರಡೂ ಹಬ್ ಮುಟ್ಟಿ ಹೋಲಿಸಿ, ವೀಲ್ ನಟ್ ಇನ್ನೊಮ್ಮೆ ಬಿಗಿ ಮಾಡಿ. ಬಲಗಡೆಯದೂ ಅಷ್ಟೇ ನೀರು ಕುಡಿದಿರುತ್ತದೆ, ಈ ಕಡೆ ಮುಗಿಸಿ ಅದನ್ನೂ ಬಿಚ್ಚಿ.