ಹೆಂಚಿನ ಮಾಡಿಗೆ ಮರದ ಪಕಾಸೋ, ರೆಡಿಮೇಡ್ ಟ್ರಸ್ಸೋ?

ಪ್ರಶ್ನೆ: ಕೊಡಗಿನ ಮಾದಾಪುರದ ಹತ್ತಿರ 24x36 ಅಡಿ ಮನೆ, ಗೋಡೆ ಎದ್ದಿದೆ. ಎರಡು ಇಳಿಜಾರು, ಮಂಗಳೂರು ಹೆಂಚು. ಬಡಗಿ ಮರದ ಪಕಾಸೇ (ಇಳಿಜಾರಿನ ಉದ್ದಕ್ಕೂ ಹೆಂಚು ಹೊರುವ ಮರ) ಆಗಲಿ ಅಂತಾರೆ, ಫ್ಯಾಬ್ರಿಕೇಶನ್‌ನವರು ಕಬ್ಬಿಣದ ಟ್ರಸ್ (ಮೊದಲೇ ಕೂಡಿಸಿದ ತ್ರಿಕೋನ ಚೌಕಟ್ಟು) ಅಂತಾರೆ. ತೋಟದಲ್ಲಿ ಹಲಸು, ಸಿಲ್ವರ್ ಓಕ್ ಇವೆ. ಗೊತ್ತಿದ್ದವರು ಹೇಳಿ.

ಉತ್ತರ 1: ಮೊದಲು ಭಾರ ನೋಡಿ. ಸುತ್ತ 3 ಅಡಿ ಸೂರು, 30 ಡಿಗ್ರಿ ಇಳಿಜಾರು ಅಂದರೆ ಮಾಡು ಸುಮಾರು 1,450 ಚದರಡಿ. ಒಡೆಯೋದು ಸೇರಿಸಿ 2,150 ಹೆಂಚು ತರಿಸಿ. ಒಂದಕ್ಕೆ ಎರಡೂವರೆ ಕೆಜಿಯಂತೆ ಒಣಗಿದ್ದಾಗಲೇ 5 ಟನ್. ಜುಲೈ ಮಳೆಗೆ ನೆನೆದರೆ ಮೇಲೆ ಅರ್ಧ ಟನ್ನಿಗೂ ಮಿಕ್ಕಿ.

ಮರದಲ್ಲಾದರೆ 2.5x4 ಇಂಚಿನ ಪಕಾಸು ಒಂದೂವರೆ ಅಡಿಗೊಂದು, 17.5 ಅಡಿ ಉದ್ದದ್ದು 58. ನಡುವೆ 4x6 ತೊಲೆ, ಅದಕ್ಕೆ 8-9 ಅಡಿಗೊಂದು ಆಸರೆ. ಇಲ್ಲದಿದ್ದರೆ ಪಕಾಸು ಬಾಗುತ್ತೆ. ಎದುರುಬದುರು ಪಕಾಸನ್ನು ಗೋಡೆ ಮಟ್ಟದಲ್ಲಿ ಹಿಡಿದಿಡುವ ಅಡ್ಡತೊಲೆ ಬಿಟ್ಟರೆ ಗೋಡೆ ಹೊರಕ್ಕೆ ತಳ್ಳಲ್ಪಡುತ್ತೆ. ನೆತ್ತಿಯ ಹತ್ತಿರ ಒಂದು ಪಟ್ಟಿ ಹೊಡೆದು ಸಾಕು ಅನ್ನುವವರ ಮಾತು ಕೇಳಬೇಡಿ. ಎಲ್ಲ ಸೇರಿ 120 ಸಿಎಫ್‌ಟಿ (ಘನ ಅಡಿ) ಕೊಯ್ದ ಮರ, ಅಂದರೆ 200ರ ಹತ್ತಿರ ಮೋಪು (ಕೊಯ್ಯದ ದಿಮ್ಮಿ).

ಹಲಸಿನ ಕೆಚ್ಚು ಪಕಾಸಿಗೆ ಒಳ್ಳೆಯದು, ಬಿಳಿ ಭಾಗ ತೆಗೆಸಿ. ಸಿಲ್ವರ್ ಓಕ್‌ಗೆ ಕುಟ್ಟೆ ಹುಳು ಬೇಗ ಹಿಡಿಯುತ್ತೆ; ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ ರೀಪಿಗೆ (ಹೆಂಚು ಕೂರುವ ಅಡ್ಡಪಟ್ಟಿ) ಮಾತ್ರ ಬಳಸಿ. ಹಸಿ ಮರ ಏರಿಸಿದರೆ ಒಣಗುವಾಗ ತಿರುಚಿ ಹೆಂಚು ಬಾಯಿಬಿಡುತ್ತೆ. ಆದ್ದರಿಂದ ಈಗಾಗಲೇ ಕೊಯ್ದು, ನಡುವೆ ಪಟ್ಟಿ ಇಟ್ಟು ನೆರಳಲ್ಲಿ ಪೇರಿಸಿಲ್ಲದಿದ್ದರೆ ಈ ಬೇಸಿಗೆಗೆ ಟ್ರಸ್ಸೇ ಸರಿ.

ಉತ್ತರ 2: ಬಾಣೆ (ಕೊಡಗಿನಲ್ಲಿ ಗದ್ದೆಗೆ ಸೇರಿದ ಮರಗಾಡು ಜಾಗ) ಜಾಗದ ಮರವಾದರೆ ರಿಡೀಮ್ (ಮರದ ಹಕ್ಕು ಸರ್ಕಾರದಿಂದ ಬಿಡಿಸಿಕೊಂಡದ್ದು) ಆಗಿದೆಯಾ ದಾಖಲೆ ನೋಡಿ. ಆಗಿಲ್ಲದಿದ್ದರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟಬೇಕು. ಹಲಸು ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಉತ್ತರ 3: ಟ್ರಸ್ ಅಂದ ಕೂಡಲೇ ಒಪ್ಪಬೇಡಿ ಅಣ್ಣ, ಯಾವ ಹೊದಿಕೆಗೆ ಲೆಕ್ಕ ಹಾಕಿದ್ದು ಅಂತ ಡ್ರಾಯಿಂಗ್ ಕೇಳಿ. ತಗಡಿನ ಶೀಟು ಚದರ ಮೀಟರಿಗೆ ಐದಾರು ಕೆಜಿ. ಹೆಂಚು ನಲವತ್ತರ ಆಸುಪಾಸು. ಶೀಟಿನ ಟ್ರಸ್ ಮೇಲೆ ಹೆಂಚು ಹೊದಿಸಿದರೆ ವರ್ಷದೊಳಗೆ ನೆತ್ತಿ ತಗ್ಗಿ ನೀರು ಒಳಗೆ. ಟ್ರಸ್ಸಿನ ನಡುವೆ 4 ಅಡಿ ಮೀರಬಾರದು. ನಿಮ್ಮ 36 ಅಡಿಗೆ 10 ಬೇಕು.

ಎರಡನೆಯದು ರಸ್ತೆ. 30 ಅಡಿಯ ಟ್ರಸ್ ಹೊತ್ತ ಲಾರಿ ತೋಟದ ತಿರುವಿನಲ್ಲಿ ಹಾಯುವುದಿಲ್ಲ. ಅರ್ಧರ್ಧ ತಂದು ನೆತ್ತಿಯಲ್ಲಿ ಬೋಲ್ಟ್ ಹಾಕುವ ಹಾಗೆ ಮಾಡಿಸಿ. ಸ್ಥಳದಲ್ಲಿ ವೆಲ್ಡಿಂಗ್ ಬೇಡ: ಸತುವಿನ ಲೇಪ ಅಲ್ಲೇ ಸುಟ್ಟು, ನಮ್ಮ ತೇವಕ್ಕೆ ತುಕ್ಕು ಅಲ್ಲಿಂದಲೇ ಶುರು. ತಪ್ಪದಿದ್ದರೆ ಕಿಟ್ಟ ಕೆರೆದು ಜಿಂಕ್ ಪೇಂಟ್ ಎರಡು ಕೈ. ಪೈಪಿನ ಬಾಯಿ ಮುಚ್ಚಿಸಿ.

ಪ್ರಶ್ನೆ ಕೇಳಿದವರು: ಟ್ರಸ್ ಮೇಲೆ ಮರದ ರೀಪು ಹಾಕಬಹುದಾ?

ಉತ್ತರ 1: ಹಾಕಬಹುದು. ತಾಮ್ರ ಇರುವ ರಾಸಾಯನಿಕ ಹೊಡೆದ ಮರ ಮಾತ್ರ ಜಿಐಗೆ (ಸತು ಲೇಪಿಸಿದ ಕಬ್ಬಿಣ) ತಾಗಬಾರದು, ಸತುವನ್ನು ತಿನ್ನುತ್ತೆ. ನಡುವೆ ಟಾರ್ ಫೆಲ್ಟ್ (ಡಾಂಬರು ಹಾಳೆ) ಇಡಿ. ರೀಪಿನ ಅಂತರ 12.5 ಇಂಚಿನ ಆಸುಪಾಸು ಬರುತ್ತೆ. ಆದರೆ ಪುಸ್ತಕದ ಅಳತೆ ನಂಬಿ ಮೊಳೆ ಹೊಡೆಯಬೇಡಿ. ಬಂದ ಲೋಡಿನಿಂದ ಹತ್ತು ಹೆಂಚು ನೆಲದ ಮೇಲೆ ಕೂಡಿಸಿ ಅಳೆದುಕೊಳ್ಳಿ, ಒಂದು ಕಾರ್ಖಾನೆಯದಕ್ಕೂ ಇನ್ನೊಂದಕ್ಕೂ ಕಾಲಿಂಚು ವ್ಯತ್ಯಾಸ ಇರುತ್ತೆ.