ವಿಚರ್ 3 ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದಾ? ಮರಗಳು ಚೆನ್ನಾಗಿ ಕಂಡರೆ ಸಾಕು

ಸಿದ್ದಾಪುರ ರೈಟರ್:

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಹಾಕುವುದು, ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ) ಬರೆಯುವುದು, ಶನಿವಾರ ಬಟವಾಡೆ ಲೆಕ್ಕ ಮಾಡುವುದು ನನ್ನ ಕೆಲಸ. ವಯಸ್ಸು 41. ಗೇಮ್ ವಿಷಯದಲ್ಲಿ ತೀರಾ ಹೊಸಬ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಏಪ್ರಿಲ್‌ನಲ್ಲಿ ಮೈಸೂರಿಗೆ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ತನ್ನ ಕಂಪ್ಯೂಟರ್‌ನಲ್ಲಿ ದಿ ವಿಚರ್ 3 ಆಡುತ್ತಿದ್ದ. "ಮಾವ, ಒಂದು ಸಲ ಕುದುರೆ ಓಡಿಸಿ ನೋಡಿ" ಅಂತ ನನ್ನನ್ನು ಕೂರಿಸಿದ. ಶುರುವಿನಲ್ಲಿ ವೈಟ್ ಆರ್ಚರ್ಡ್ ಅಂತ ಒಂದು ಊರು ಬರುತ್ತದೆ. ನಾನು ಹೋಗುತ್ತಿದ್ದ ಹಾಗೆ ಗಾಳಿ ಎದ್ದಿತು. ಮರಗಳೆಲ್ಲ ಒಂದೇ ಕಡೆ ಬಾಗಿ ತೂಗಾಡಿದವು. ಆಮೇಲೆ ಮಳೆ ಬಂತು. ನಮ್ಮ ತೋಟದಲ್ಲಿ ಜೂನ್ ಶುರುವಿನಲ್ಲಿ ಮಳೆಗೆ ಮುಂಚೆ ಸಿಲ್ವರ್ ಓಕ್ ಮರಗಳು ಹೀಗೇ ತೂಗುತ್ತವೆ. 18 ವರ್ಷದಿಂದ ದಿನಾ ಮರದ ಕೆಳಗೇ ನಡೆಯುವವನು ನಾನು. ಇದನ್ನು ಮಾಡಿದವರು ಗಾಳಿಯಲ್ಲಿ ನಿಂತು ಮರ ನೋಡಿದವರೇ ಅನ್ನಿಸಿತು. ಎದ್ದು ಬರಲು ಮನಸ್ಸೇ ಆಗಲಿಲ್ಲ.

ಈಗ ಮಳೆಗಾಲ. ಸಂಜೆ ಐದಕ್ಕೆಲ್ಲ ಕತ್ತಲೆ. ಹೊರಗೆ ಕಾಲಿಡಲು ಆಗುವುದಿಲ್ಲ. ಹಾಗಾಗಿ ಗೇಮ್ ತೆಗೆದುಕೊಂಡೆ. ನನ್ನ ಮೊಬೈಲ್‌ನಲ್ಲಿ ದಿನಕ್ಕೆ 2 ಜಿಬಿ ಡೇಟಾ. ಗೇಮ್ 50 ಜಿಬಿ. ಅದಕ್ಕೆ ಅಳಿಯನೇ ಮೈಸೂರಿನಲ್ಲಿ ಡೌನ್‌ಲೋಡ್ ಮಾಡಿ ಹಾರ್ಡ್ ಡಿಸ್ಕ್‌ಗೆ ಹಾಕಿ ಕಳಿಸಿದ.

ಲ್ಯಾಪ್‌ಟಾಪ್ ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡದ್ದು. ಐ5-8250ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಇಂಟೆಲ್ ಯುಹೆಚ್‌ಡಿ 620 ಮಾತ್ರ. ಗೇಮ್ ತೆರೆಯಲು ಆರು ನಿಮಿಷ ಬೇಕು. ತೆರೆದ ಮೇಲೆ ಚಿತ್ರ ತುಂಡು ತುಂಡಾಗಿ ಬರುತ್ತದೆ. ಮೂಲೆಯಲ್ಲಿ ಫ್ರೇಮ್ ಲೆಕ್ಕ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಅನ್ನುವುದು, 5 ಅಥವಾ 6 ಅಂತ ತೋರಿಸುತ್ತದೆ. ಎಲ್ಲ ಸೆಟ್ಟಿಂಗ್ ಲೋ ಮಾಡಿದರೂ ಅಷ್ಟೇ. ಲೋ ಮಾಡಿದಾಗ ಹುಲ್ಲು ಹೋಯಿತು, ದೂರದ ಮರಗಳೂ ಬೋಳಾದವು. ನನಗೆ ಬೇಕಾಗಿದ್ದೇ ಅದು, ಅಲ್ವಾ?

ಇನ್ನೊಂದು ವಿಷಯ. ಬಟವಾಡೆ ಲೆಕ್ಕ ಪೂರ್ತಿ ಇದೇ ಲ್ಯಾಪ್‌ಟಾಪ್‌ನಲ್ಲಿದೆ. ಇತ್ತೀಚೆಗೆ ಎಕ್ಸೆಲ್ ಕೂಡ ನಿಧಾನ. ಮೇ ತಿಂಗಳ ಸಿಡಿಲಿಗೆ ಚಾರ್ಜರ್ ಸುಟ್ಟುಹೋಗಿ ಹೊಸದು ತಂದೆ. ಆಮೇಲೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಅದಕ್ಕೂ ವಯಸ್ಸಾಯಿತೇನೋ. ಲ್ಯಾಪ್‌ಟಾಪ್‌ಗೆ ಏಟಾಗದ ಹಾಗೆ ಈ ಗೇಮ್ ಆಡಲು ದಾರಿ ಇದೆಯಾ?

ಗೋಣಿಕೊಪ್ಪ ರಿಪೇರಿ:

ರೈಟರೇ, ನಾನು ಗೋಣಿಕೊಪ್ಪದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಸೆಟ್ಟಿಂಗ್ ವಿಷಯ ಆಮೇಲೆ ನೋಡೋಣ. ಮೊದಲು ಕೊನೆಯಲ್ಲಿ ಬರೆದಿದ್ದೀರಲ್ಲ, ಚಾರ್ಜರ್ ವಿಷಯ, ಅದನ್ನು ಹೇಳಿ.

ನಿಮ್ಮ ಲ್ಯಾಪ್‌ಟಾಪ್ ಈ ಗೇಮಿಗೆ ಚಿಕ್ಕದು, ನಿಜ. 2015ರಲ್ಲಿ ಗೇಮ್ ಬಂದಾಗ ಕನಿಷ್ಠ ಜಿಟಿಎಕ್ಸ್ 660 ಕಾರ್ಡ್ ಬೇಕು ಅಂತ ಹಾಕಿದ್ದರು. ನಿಮ್ಮ ಯುಹೆಚ್‌ಡಿ 620 ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಎಲ್ಲ ಲೋ ಮಾಡಿದರೆ 5 ಫ್ರೇಮ್ ಅನ್ನುವುದು ತೀರಾ ಕಮ್ಮಿ ಆಯಿತು. ಅದರ ಮೇಲೆ ಎಕ್ಸೆಲ್ ನಿಧಾನ ಅನ್ನುತ್ತಿದ್ದೀರಿ. ಎಕ್ಸೆಲ್‌ಗೆ ಗ್ರಾಫಿಕ್ಸ್ ಯಾಕೆ ಬೇಕು?

ಮೂರು ವಿಷಯ ನೋಡಿ ಹೇಳಿ. ಲ್ಯಾಪ್‌ಟಾಪ್ ಆನ್ ಮಾಡುವಾಗ ಅಡಾಪ್ಟರ್ ಬಗ್ಗೆ ಏನಾದರೂ ಇಂಗ್ಲಿಷಿನಲ್ಲಿ ಬರುತ್ತದಾ? ಗೇಮ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ಅಲ್ಲಿ ಸ್ಪೀಡ್ ಎಷ್ಟಿದೆ? ಅದರ ಕೆಳಗೆ ಮೆಮೊರಿ ಒತ್ತಿದರೆ ಸ್ಲಾಟ್ ಎಷ್ಟು ಬಳಕೆಯಲ್ಲಿದೆ ಅಂತ ಬರುತ್ತದೆ, ಅದನ್ನೂ ಹೇಳಿ.

ಸೋಮವಾರಪೇಟೆ ಹುಡುಗಿ:

ರೈಟರೇ, ಬೇಸರ ಮಾಡಿಕೊಳ್ಳಬೇಡಿ. ನಾನಾಗಿದ್ದರೆ ಬಟವಾಡೆ ಲೆಕ್ಕ ಇರುವ ಲ್ಯಾಪ್‌ಟಾಪ್‌ನಲ್ಲಿ ಈ ಗೇಮ್ ಹಾಕುತ್ತಲೇ ಇರಲಿಲ್ಲ. ನನ್ನ ಬಿ.ಎಡ್. ರೆಕಾರ್ಡ್ ಇದ್ದ ಹಾರ್ಡ್ ಡಿಸ್ಕ್ ಒಂದು ಮಳೆಗಾಲದಲ್ಲಿ ಹೋಯಿತು. ಮತ್ತೆ ಬರೆಯಲು 40 ದಿನ ಹಿಡಿಯಿತು. ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆ ಇರುತ್ತದೆ, ಒಂದಲ್ಲ ಒಂದು ದಿನ ಅದು ಸವೆದೇ ಸವೆಯುತ್ತದೆ. ದಯವಿಟ್ಟು ಇವತ್ತೇ ಚೆಕ್‌ರೋಲ್ ಪೆನ್ ಡ್ರೈವ್‌ಗೆ ಹಾಕಿ. ಗೇಮ್ ವಿಚಾರ ನಾಳೆ.

ಗೇಮ್ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಾನೇ ತೆಗೆದುಕೊಂಡದ್ದು? ತೆಗೆದುಕೊಂಡು 14 ದಿನ ಆಗಿರಬಾರದು, ಆಡಿದ್ದು 2 ಗಂಟೆ ದಾಟಿರಬಾರದು. ಹಾಗಿದ್ದರೆ ದುಡ್ಡು ವಾಪಸ್ ಕೇಳಬಹುದು. ತೆರೆಯಲು ಹಿಡಿಯುವ ಆರು ನಿಮಿಷವೂ ಆ 2 ಗಂಟೆಯಲ್ಲೇ ಸೇರುತ್ತದೆ, ನೆನಪಿರಲಿ.

ಸಿದ್ದಾಪುರ ರೈಟರ್:

ಮೇಡಂ, ನಿಮ್ಮ ಮಾತು ಓದಿ ರಾತ್ರಿಯೇ ಎರಡು ಪೆನ್ ಡ್ರೈವ್‌ಗೆ ಹಾಕಿದೆ. ಒಂದು ಆಫೀಸಿನ ಬೀರುವಿನಲ್ಲಿದೆ, ಒಂದು ಮನೆಯಲ್ಲಿ. ತುಂಬಾ ಉಪಕಾರ ಆಯಿತು. ದುಡ್ಡು ವಾಪಸ್ ಕೇಳಲು ಮಾತ್ರ ಮನಸ್ಸಿಲ್ಲ.

ಅಣ್ಣ, ನೀವು ಹೇಳಿದ್ದು ನೋಡಿದೆ. ಆನ್ ಮಾಡುವಾಗ ಅಡಾಪ್ಟರ್ ಯಾವುದೆಂದು ಗೊತ್ತಾಗುತ್ತಿಲ್ಲ ಅನ್ನುವ ಹಾಗೆ ಒಂದು ಬರಹ ಬರುತ್ತದೆ. ಎರಡು ತಿಂಗಳಿಂದ ಒಂದು ಕೀ ಒತ್ತಿ ಮುಂದೆ ಹೋಗುತ್ತಿದ್ದೆ. ಸಿಪಿಯು ಸ್ಪೀಡ್ 0.78 ಗಿಗಾಹರ್ಟ್ಸ್. ಗೇಮ್ ಓಡುವಾಗಲೂ ಅಷ್ಟೇ, ಓಡದಿದ್ದಾಗಲೂ ಅಷ್ಟೇ. ಸ್ಲಾಟ್ ಎರಡರಲ್ಲಿ ಒಂದು ಮಾತ್ರ ಬಳಕೆಯಲ್ಲಿದೆ.

ಗೋಣಿಕೊಪ್ಪ ರಿಪೇರಿ:

ಸಿಕ್ಕಿತು ನೋಡಿ!

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ಪಿನ್ನಿನ ನಡುವೆ ಒಂದು ತೆಳು ಸೂಜಿ ಇರುತ್ತದೆ. "ನಾನು ಇಷ್ಟು ವ್ಯಾಟ್ ಚಾರ್ಜರ್" ಅಂತ ಲ್ಯಾಪ್‌ಟಾಪ್‌ಗೆ ತಿಳಿಸುವುದೇ ಅದರ ಕೆಲಸ. ಡೂಪ್ಲಿಕೇಟ್ ಚಾರ್ಜರ್‌ನಲ್ಲಿ ಆ ಮಾತು ದಾಟುವುದಿಲ್ಲ. ಎಷ್ಟು ಕರೆಂಟ್ ಎಳೆಯಬಹುದು ಅಂತ ಲ್ಯಾಪ್‌ಟಾಪ್‌ಗೆ ಗೊತ್ತಾಗದೆ ಬ್ಯಾಟರಿ ಚಾರ್ಜ್ ಮಾಡುವುದನ್ನು ನಿಲ್ಲಿಸಿಬಿಡುತ್ತದೆ, ಸಿಪಿಯುವನ್ನೂ ಅತಿ ಕಮ್ಮಿ ಸ್ಪೀಡ್‌ಗೆ ಇಳಿಸುತ್ತದೆ. ನಿಮ್ಮ ಸಿಪಿಯು 3.4 ಗಿಗಾಹರ್ಟ್ಸ್‌ವರೆಗೆ ಹೋಗಬೇಕಾದದ್ದು. ಎರಡು ತಿಂಗಳಿಂದ ಅದರ ಕಾಲು ಕಟ್ಟಿಹಾಕಿದೆ. ಬ್ಯಾಟರಿಗೆ ವಯಸ್ಸಾಗಿಲ್ಲ, ಅದನ್ನು ಬಿಸಾಡಬೇಡಿ. ಒರಿಜಿನಲ್ ಚಾರ್ಜರ್ ಒಂದು ತನ್ನಿ.

ಎರಡನೆಯದು ರ‍್ಯಾಮ್. ನಿಮ್ಮ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಸಿಪಿಯು ಬಳಸುವ ರ‍್ಯಾಮಿನಿಂದಲೇ ಅದೂ ಎಳೆಯಬೇಕು. ಒಂದೇ ಪೈಪಿಗೆ ಎರಡು ಸ್ಪ್ರಿಂಕ್ಲರ್ ಹಾಕಿದರೆ ಹೂವಿಗೆ ನೀರು ಎಷ್ಟು ಎತ್ತರ ಹಾರುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. 2400 ಸ್ಪೀಡಿನ ಒಂದು ರ‍್ಯಾಮ್ ಸ್ಟಿಕ್ ಸೆಕೆಂಡಿಗೆ 19.2 ಜಿಬಿ ಸಾಗಿಸುತ್ತದೆ. ಖಾಲಿ ಇರುವ ಸ್ಲಾಟಿಗೂ ಒಂದು ಹಾಕಿದರೆ 38.4. ಹಳೇ ಲ್ಯಾಪ್‌ಟಾಪ್‌ನಿಂದ ತೆಗೆದ 8 ಜಿಬಿ ಸ್ಟಿಕ್ ಇದ್ದರೂ ನಡೆಯುತ್ತದೆ, ಡಿಡಿಆರ್4 ಅನ್ನುವ ಬಗೆಯದ್ದಾಗಿರಬೇಕು ಅಷ್ಟೇ. ಖರ್ಚು ಮಾಡುವುದಾದರೆ ಇದಕ್ಕೆ ಮಾಡಿ. ಇನ್ನೂ ಸ್ವಲ್ಪ ದುಡ್ಡಿದ್ದರೆ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್. ಅದರಿಂದ ಫ್ರೇಮ್ ಜಾಸ್ತಿ ಆಗುವುದಿಲ್ಲ. ಗೇಮ್ ಬೇಗ ತೆರೆಯುತ್ತದೆ, ಎಕ್ಸೆಲ್‌ಗೂ ಒಳ್ಳೆಯದು.

ಕೊನೆಗೆ ಫ್ಯಾನ್. ತೋಟದ ಆಫೀಸಿನ ಲ್ಯಾಪ್‌ಟಾಪ್‌ಗಳು ನನ್ನ ಹತ್ತಿರ ಬರುತ್ತಿರುತ್ತವೆ. ಕಣದಲ್ಲಿ ಚೆರಿ ಕಾಫಿ ಒಣಗಿಸಿ ಮೂಟೆ ಕಟ್ಟುವಾಗ ಏಳುವ ದೂಳು ಫ್ಯಾನ್ ಒಳಗೆ ಹೋಗಿ ಕೂರುತ್ತದೆ. ಮಳೆಗಾಲದ ತೇವಕ್ಕೆ ಅದು ಗಟ್ಟಿಯಾಗಿ ಕಂಬಳಿ ಹಾಗೆ ಆಗುತ್ತದೆ. ಬ್ರಷ್ ಹಾಕಿ ತೆಗೆಯಬೇಕು, ಊದಿದರೆ ಹೋಗುವುದಿಲ್ಲ. ಚಾರ್ಜರ್ ಸರಿಯಾದ ಮೇಲೆ ಸಿಪಿಯು ಬಿಸಿ ಜಾಸ್ತಿ ಆಗುತ್ತದೆ, ಆದ್ದರಿಂದ ಮೊದಲು ಇದನ್ನು ಮಾಡಿಸಿ. ಆಡುವಾಗ ಹಾಸಿಗೆ ಮೇಲೆ ಇಡಬೇಡಿ. ಮೇಜಿನ ಮೇಲಿಟ್ಟು ಹಿಂದಿನ ಎರಡು ಮೂಲೆಗೆ ಎರಡು ಬೆಂಕಿಪೊಟ್ಟಣ ಕೊಡಿ, ಸಾಕು.

ಕುಶಾಲನಗರ 620:

ನಾನು ಇದೇ ಯುಹೆಚ್‌ಡಿ 620ರಲ್ಲಿ ವಿಚರ್ 3 ಪೂರ್ತಿ ಮುಗಿಸಿದ್ದೇನೆ. ಹಾಗಾಗಿ ಸೆಟ್ಟಿಂಗ್ ನಾನು ಹೇಳುತ್ತೇನೆ.

2022ರ ಡಿಸೆಂಬರ್‌ನಲ್ಲಿ ಗೇಮಿಗೆ ದೊಡ್ಡ ಅಪ್‌ಡೇಟ್ ಬಂತು. ಚಿತ್ರ ಚಂದ ಆಯಿತು, ಭಾರವೂ ಆಯಿತು. ಸ್ಟೀಮ್‌ನಲ್ಲಿ ಗೇಮಿನ ಪ್ರಾಪರ್ಟೀಸ್‌ಗೆ ಹೋಗಿ ಬೀಟಾಸ್ ಅನ್ನುವಲ್ಲಿ ಗೇಮಿನ ಹಳೇ ಆವೃತ್ತಿ 1.32 ಆರಿಸಿಕೊಳ್ಳಬಹುದು. ಆದರೆ ಮತ್ತೆ ಡೌನ್‌ಲೋಡ್ ಕೇಳುತ್ತದೆ. ಅಳಿಯನ ಕೈಯಲ್ಲಿ ಮೈಸೂರಿನಲ್ಲೇ ಮಾಡಿಸಿ ತರಿಸಿ. ಅಲ್ಲಿಯವರೆಗೆ ಗೇಮನ್ನು ಡೈರೆಕ್ಟ್‌ಎಕ್ಸ್ (ಚಿತ್ರ ಮೂಡಿಸಲು ಗೇಮ್ ಬಳಸುವ ವಿಂಡೋಸ್ ತಂತ್ರಾಂಶ) 11ರಲ್ಲೇ ತೆರೆಯಿರಿ, 12ರಲ್ಲಿ ಬೇಡ.

ರೈಟರೇ, ನಿಮಗೆ ಮರ ಬೇಕು. ಹಾಗಾದರೆ ಎಲ್ಲವನ್ನೂ ಲೋ ಮಾಡುವುದು ತಪ್ಪು ದಾರಿ. ರೆಸಲ್ಯೂಷನ್ 1280×720ಕ್ಕೆ ಇಳಿಸಿ. 1920×1080ಕ್ಕಿಂತ ಚುಕ್ಕಿಗಳು ಅರ್ಧಕ್ಕಿಂತ ಕಮ್ಮಿ ಆಗುತ್ತವೆ, ಉಳಿತಾಯ ಬಹುಪಾಲು ಅಲ್ಲೇ. ನೆರಳು ಲೋ. ಹೇರ್‌ವರ್ಕ್ಸ್ (ಕೂದಲು ನಿಜದ ಹಾಗೆ ತೋರಿಸುವುದು) ಆಫ್. ಆಂಬಿಯೆಂಟ್ ಅಕ್ಲೂಷನ್, ಮೋಷನ್ ಬ್ಲರ್, ಬ್ಲೂಮ್ ಆಫ್. ನೀರು ಲೋ. ಹೀಗೆ ಉಳಿಸಿದ್ದನ್ನು ಫೋಲಿಯೇಜ್ ವಿಸಿಬಿಲಿಟಿ ರೇಂಜ್‌ಗೆ ಕೊಡಿ. ಅದನ್ನು ಮೀಡಿಯಂ ಇಡಿ. ದೂರದ ಮರಗಳು ವಾಪಸ್ ಬರುತ್ತವೆ. ಹುಲ್ಲು ಮಾತ್ರ ಲೋ ಇರಲಿ, ಕುದುರೆ ಮೇಲೆ ಹೋಗುವಾಗ ಗೊತ್ತಾಗುವುದಿಲ್ಲ.

ಫ್ರೇಮ್ ಮಿತಿಯನ್ನು 30ಕ್ಕೆ ಕಟ್ಟಿ. ನಿಮ್ಮ ಸಿಪಿಯು ಮತ್ತು ಗ್ರಾಫಿಕ್ಸ್ ಎರಡೂ ಒಂದೇ ಚಿಪ್. ಎರಡಕ್ಕೂ ಸೇರಿ ಸುಮಾರು 15 ವ್ಯಾಟ್. ಮೆನುವಿನಲ್ಲಿ ಸುಮ್ನೆ 60 ಫ್ರೇಮ್ ಓಡಿಸಿ ಬಿಸಿ ಮಾಡಿಕೊಂಡರೆ ಕಾಡಿಗೆ ಹೋಗುವಷ್ಟರಲ್ಲಿ ಅದಕ್ಕೆ ದಣಿವಾಗಿರುತ್ತದೆ.

ಸೋಮವಾರಪೇಟೆ ಹುಡುಗಿ:

20 ಫ್ರೇಮಿನ ಆಸುಪಾಸಿನಲ್ಲಿ ಕತ್ತಿ ಕಾಳಗ ಕಷ್ಟ. ಏಟು ತಪ್ಪಿಸಿಕೊಳ್ಳಲು ಒತ್ತಿದ್ದು ತಡವಾಗಿ ತಲುಪುತ್ತದೆ. ಡಿಫಿಕಲ್ಟಿಯನ್ನು ಜಸ್ಟ್ ದಿ ಸ್ಟೋರಿ ಅನ್ನುವುದಕ್ಕೆ ಇಡಿ ರೈಟರೇ. ನಿಮಗೆ ಬೇಕಾಗಿರುವುದು ಆ ಊರಿನಲ್ಲಿ ಓಡಾಡುವುದು ತಾನೇ? ಈಗ ನನಗೂ ಇದು ಆಗಲಿ ಅಂತಲೇ ಇದೆ.

ಸಿದ್ದಾಪುರ ರೈಟರ್:

ಹದಿನಾರು ದಿನ ಆಯಿತು. ಎಲ್ಲರಿಗೂ ವರದಿ ಒಪ್ಪಿಸಲೇಬೇಕು.

ಒರಿಜಿನಲ್ ಚಾರ್ಜರ್ ತಂದೆ. ಆನ್ ಮಾಡಿದಾಗ ಆ ಬರಹ ಬರಲಿಲ್ಲ. ಬ್ಯಾಟರಿ ಚಾರ್ಜ್ ಆಗತೊಡಗಿತು. ಎಕ್ಸೆಲ್ ಮೊದಲಿನ ಹಾಗೆ ಆಯಿತು. ಎರಡು ತಿಂಗಳು ಪ್ರತಿ ಶನಿವಾರ ಬಟವಾಡೆ ತಡವಾಗಿ, ಆಳುಗಳು ಮಳೆಯಲ್ಲಿ ಕಾಯುತ್ತಿದ್ದರು. ಅದು ನೆನಪಾಗಿ ಮನಸ್ಸಿಗೆ ತುಂಬಾ ಬೇಜಾರಾಯಿತು.

ಗೇಮ್ 5ರಿಂದ 14 ಫ್ರೇಮಿಗೆ ಏರಿತು. ಆಮೇಲೆ ಅಣ್ಣನ ಅಂಗಡಿಗೇ ಹೋದೆ. ಫ್ಯಾನ್ ಬಿಚ್ಚಿ ತೋರಿಸಿದರು. ಒಳಗಿನ ದೂಳಿಗೆ ಕಾಫಿ ವಾಸನೆ ಇತ್ತು. ಒಂದು ಹಳೇ 8 ಜಿಬಿ ಸ್ಟಿಕ್ ಹಾಕಿಕೊಟ್ಟರು. ಈಗ ಕಾಡಿನಲ್ಲಿ 21, ಬಯಲಿನಲ್ಲಿ 24. ಊರೊಳಗೆ ಜನ ಜಾಸ್ತಿ ಇರುವ ಕಡೆ 17ಕ್ಕೆ ಇಳಿಯುತ್ತದೆ. ಎಸ್‌ಎಸ್‌ಡಿ ಕಾಫಿ ಕೊಯ್ಲು ಮುಗಿದ ಮೇಲೆ. 1.32 ಮುಂದಿನ ವಾರ ಬಸ್ಸಿನಲ್ಲಿ ಬರುತ್ತದೆ.

ನಿನ್ನೆ ಸಂಜೆ ಕರೆಂಟ್ ಹೋಯಿತು. ಬ್ಯಾಟರಿ ಮೇಲೆ ಫ್ರೇಮ್ ಸ್ವಲ್ಪ ಕಮ್ಮಿ ಆದರೂ ನಿಲ್ಲಿಸಲಿಲ್ಲ. ಮನೆಯ ಹಂಚಿನ ಮೇಲೂ ಮಳೆ, ವೈಟ್ ಆರ್ಚರ್ಡ್‌ನಲ್ಲೂ ಮಳೆ. ಕುದುರೆಯನ್ನು ಒಂದು ದಿಬ್ಬದ ಮೇಲೆ ನಿಲ್ಲಿಸಿದೆ. ಫೋಲಿಯೇಜ್ ಮೀಡಿಯಂನಲ್ಲೇ ಇತ್ತು. ದೂರದ ಮರಗಳೆಲ್ಲ ಕಂಡವು. ನನ್ನ ಹೆಂಡತಿ ದೀಪ ಹಿಡಿದು ಬಂದವಳು ಹಿಂದೆಯೇ ನಿಂತು ನೋಡಿದಳು. "ಇದು ಯಾವ ತೋಟ?" ಅಂತ ಕೇಳಿದಳು. ಕೂತುಕೋ ಅಂದೆ. ಬ್ಯಾಟರಿ ಮುಗಿಯುವವರೆಗೆ ಇಬ್ಬರೂ ಕೂತಿದ್ದೆವು.

ಅಣ್ಣ, ಆ ಡೂಪ್ಲಿಕೇಟ್ ಚಾರ್ಜರ್ ಇನ್ನೂ ಇಲ್ಲೇ ಇದೆ. ಬೇರೆ ಯಾರಿಗಾದರೂ ಕೊಡಬಹುದಾ, ಬಿಸಾಡಲಾ?

ಗೋಣಿಕೊಪ್ಪ ರಿಪೇರಿ:

ಯಾರಿಗೂ ಕೊಡಬೇಡಿ. ಮುಂದಿನ ಸಲ ಈ ಕಡೆ ಬರುವಾಗ ತನ್ನಿ, ವೈರ್ ಉಪಯೋಗಕ್ಕೆ ಬರುತ್ತದೆ. ಸಿಡಿಲು ಗುಡುಗು ಇರುವ ದಿನ ಹೊಸ ಚಾರ್ಜರ್ ಗೋಡೆಯಿಂದ ತೆಗೆದಿಡಿ.